ಮಗು ಓದುತ್ತದೆ, ನಾವು ಕೇಳೋಣ

(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ)



ಉಳಿತಾಯ, ಸಾಲ, ಬಡ್ಡಿ, ಮರುಪಾವತಿ – ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಈ ತಿಂಗಳು ಬೇರೆ ಒಂದು ವಿಷಯ ತೆಗೆದುಕೊಳ್ಳುವ. ನಮ್ಮ ಮನೆಯ ಸಣ್ಣ ಮಗು ಓದಲಿಕ್ಕೆ ಕಲಿಯುವುದನ್ನು ನೋಡುವುದು ಎಷ್ಟು ದೊಡ್ಡ ಸಂತೋಷ, ಆ ಸಂತೋಷವನ್ನು ನಾವೇ ಗೊತ್ತಿಲ್ಲದೆ ಹೇಗೆ ಕೆಡಿಸುತ್ತೇವೆ, ಅದನ್ನು ಉಳಿಸಿ ಬೆಳೆಸಲಿಕ್ಕೆ ಏನು ಮಾಡಬಹುದು ಎಂಬುದೇ ಈ ಸಲದ ಪಾಠ. ಓದು ಬಾರದ ತಾಯಂದಿರು, ಅಜ್ಜಿಯಂದಿರು ಇದನ್ನು ಮುಖ್ಯವಾಗಿ ಕೇಳಬೇಕು. ಓದು ಬರುವವರು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು.

ಒಂದು ಸಭೆಯಲ್ಲಿ ನಡೆದದ್ದು

ಎರಡು ವರ್ಷದ ಹಿಂದಿನ ಮಾತು. ಕಾಪು ತಾಲೂಕಿನ ಒಂದು ಊರಿನಲ್ಲಿ ಸಂಘದ ಸಭೆ. ಬೆಳಿಗ್ಗೆ ಮಲ್ಲಿಗೆ ಕೊಯ್ದು, ಕಟ್ಟಿ, ಶಂಕರಪುರಕ್ಕೆ ಕಳಿಸಿ, ಮನೆ ಕೆಲಸ ಮುಗಿಸಿ ಎಲ್ಲರೂ ಬಂದು ಕೂತಿದ್ದರು. ಒಬ್ಬ ಸದಸ್ಯೆಯ ಜೊತೆ ಒಂದನೇ ತರಗತಿಗೆ ಹೋಗುವ ಮಗಳು ಬಂದಿದ್ದಳು. ಲೆಕ್ಕ ನಡೆಯುತ್ತಾ ಇತ್ತು. ಆ ಹುಡುಗಿ ಅಮ್ಮನ ಮಡಿಲಲ್ಲಿದ್ದ ಪುಸ್ತಕದ ಮೇಲೆ ಬೆರಳಿಟ್ಟು, ತನ್ನಷ್ಟಕ್ಕೆ, "ಉ... ಳಿ... ತಾ... ಯ" ಎಂದಳು. ಒಂದು ಕ್ಷಣ ಬಿಟ್ಟು ಒಮ್ಮೆಲೇ ಗಟ್ಟಿಯಾಗಿ, "ಉಳಿತಾಯ!" ಎಂದಳು.

ಲೆಕ್ಕ ನಿಂತಿತು. ಎಲ್ಲರೂ ಅವಳ ಕಡೆ ತಿರುಗಿದರು. ತಾಯಿಯ ಕಣ್ಣಲ್ಲಿ ನೀರು. ಆ ತಾಯಿ ಹನ್ನೆರಡು ವರ್ಷದಿಂದ ಸಂಘದಲ್ಲಿದ್ದಾರೆ. ಒಂದು ವಾರವೂ ಉಳಿತಾಯ ತಪ್ಪಿಸಿದವರಲ್ಲ. ಆದರೆ ಆ ಪುಸ್ತಕದ ಮೇಲೆ ಬರೆದ ಶಬ್ದ ಯಾವುದು ಅಂತ ಅವರಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಸಂಘಕ್ಕೆ ಸೇರಿದ ಮೇಲೆ ಸಹಿ ಮಾಡಲಿಕ್ಕೆ ಮಾತ್ರ ಕಲಿತಿದ್ದರು.

ನಾವೆಲ್ಲ ಸೇರಿ, "ಇನ್ನೊಂದು ಓದು, ಇನ್ನೊಂದು ಓದು" ಎಂದೆವು. ಹುಡುಗಿ ಹುಮ್ಮಸ್ಸಿನಿಂದ ಮುಂದಿನ ಶಬ್ದಕ್ಕೆ ಬೆರಳಿಟ್ಟಳು. "ಪು... ಸ... ತ... ಕ. ಪುಸತಕ." ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕದ್ದು. ನಾನೂ ನಕ್ಕೆ. ನಕ್ಕು, "ಪುಸತಕ ಅಲ್ಲ ಮಗಾ, ಪುಸ್ತಕ" ಎಂದು ತಿದ್ದಿದೆ. ಅಷ್ಟೇ. ಹುಡುಗಿಯ ಮುಖ ಸಣ್ಣದಾಯಿತು. ಪುಸ್ತಕವನ್ನು ಕವುಚಿ ಇಟ್ಟು ಅಮ್ಮನ ಸೆರಗಿನ ಹಿಂದೆ ಅಡಗಿದಳು.

ಆಗ ತಾಯಿ ಮಾಡಿದ್ದನ್ನು ನಾನು ಮರೆಯಲಾರೆ. ಅವರು ಮಗಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ತುಳುವಿನಲ್ಲಿ, "ಎಂಕ್ ಗೊತ್ತುಜ್ಜಿ ಮಗಾ, ನನೊರ ಓದುಲ" ಎಂದರು. ನನಗೆ ಗೊತ್ತಿಲ್ಲ ಮಗಾ, ಇನ್ನೊಮ್ಮೆ ಓದು ಅಂತ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕ ತಿರುಗಿಸಿ, 'ಸ'ದ ಕೆಳಗಿನ ಒತ್ತನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಅಮ್ಮನ ಕಿವಿಯಲ್ಲಿ ಮಾತ್ರ, "ಪುಸ್ತಕ" ಎಂದಳು.

ಸಹೋದರಿಯರೇ, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿ ಬಂದವಳು ನಾನು. ಅಂದು ಮಗುವಿನ ಬಾಯಿ ಮುಚ್ಚಿಸಿದ್ದು ನಾನು. ಪುನಃ ತೆರೆಯಿಸಿದ್ದು ಓದು ಬಾರದ ಆ ತಾಯಿ. ಈ ಪಾಠದಲ್ಲಿ ನಾನು ಹೇಳಲಿಕ್ಕಿರುವುದೆಲ್ಲ ಆ ಒಂದು ಮಾತಿನಲ್ಲೇ ಉಂಟು.

ಮಾತು ತಾನಾಗಿ ಬರುತ್ತದೆ, ಓದು ಬರುವುದಿಲ್ಲ

ಮಗು ಮಾತು ಕಲಿಯಲಿಕ್ಕೆ ಯಾರೂ ಪಾಠ ಮಾಡುವುದಿಲ್ಲ. ಸುತ್ತ ಮಾತಾಡುವವರು ಇದ್ದರೆ ಸಾಕು. ಆದರೆ ಓದು ಹಾಗಲ್ಲ. ಅದನ್ನು ಪ್ರತಿಯೊಂದು ಮಗುವೂ ಹೊಸತಾಗಿ ಕಲಿಯಬೇಕು. ಕಣ್ಣಿಗೆ ಕಾಣುವ ಗುರುತನ್ನು ಕಿವಿಗೆ ಕೇಳುವ ಸ್ವರಕ್ಕೆ ಜೋಡಿಸಬೇಕು. ಆ ಸ್ವರಗಳನ್ನು ಒಂದರ ಹಿಂದೆ ಒಂದು ಸೇರಿಸಿ ಶಬ್ದ ಮಾಡಬೇಕು. ಆ ಶಬ್ದದ ಅರ್ಥ ಮನಸ್ಸಿನಲ್ಲಿ ಹುಡುಕಬೇಕು. ಇಷ್ಟೆಲ್ಲ ಕೆಲಸ ಆರು ವರ್ಷದ ಮಗು ಮಾಡುತ್ತದೆ.

ಮಗು "ಬ... ಸ... ಳೆ" ಅಂತ ನಿಧಾನವಾಗಿ ಓದುವಾಗ, ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲಿನದ್ದು ಮರೆತು ಹೋಗುವುದುಂಟು. ಹಾಗಾಗಿ ಅದು ಪುನಃ ಮೊದಲಿಗೆ ಹೋಗುತ್ತದೆ. ನಮಗೆ ಇದು ದಡ್ಡತನದ ಹಾಗೆ ಕಾಣುತ್ತದೆ. ಅದು ದಡ್ಡತನ ಅಲ್ಲ, ಮನಸ್ಸು ದುಡಿಯುತ್ತಿದೆ ಎಂಬುದರ ಗುರುತು. ಮೂರು ಸಲ, ನಾಲ್ಕು ಸಲ ಹೋಗಿ ಬಂದ ಮೇಲೆ ಒಮ್ಮೆಲೇ ಮೂರೂ ಅಕ್ಷರ ಒಟ್ಟಾಗುತ್ತದೆ. "ಬಸಳೆ! ಅಮ್ಮ, ನಮ್ಮ ಚಪ್ಪರದಲ್ಲಿ ಉಂಟಲ್ಲ, ಬಸಳೆ!" ಆ ಹೊತ್ತಿನಲ್ಲಿ ಮಗುವಿನ ಮುಖ ನೋಡಬೇಕು. ಕಾಗದದ ಮೇಲೆ ಇದ್ದ ಗೆರೆಗಳು ಹಿತ್ತಲಿನ ಬಳ್ಳಿ ಆಗಿಬಿಟ್ಟದ್ದು ಅದಕ್ಕೆ ಆಶ್ಚರ್ಯ. ಈ ಆಶ್ಚರ್ಯವೇ ಓದಿನ ಸಂತೋಷ. ಇದನ್ನು ಒಮ್ಮೆ ಅನುಭವಿಸಿದ ಮಗು ಇನ್ನೊಂದು ಶಬ್ದ ಹುಡುಕುತ್ತದೆ. ಈ ಹೊತ್ತಿನಲ್ಲಿ ಬೈಗುಳ ಸಿಕ್ಕಿದ ಮಗು ಪುಸ್ತಕ ಮುಚ್ಚುತ್ತದೆ.

ಕನ್ನಡ ಅಕ್ಷರ ಸುಲಭವಾ, ಕಷ್ಟವಾ?

"49 ಅಕ್ಷರ ಕಲಿಯಲಿಕ್ಕೆ ಎಷ್ಟು ಸಮಯ ಬೇಕು ಸಿಸ್ಟರ್? ನನ್ನ ಮಗ ಒಂದು ವರ್ಷದಿಂದ ಕಲಿಯುತ್ತಾ ಇದ್ದಾನೆ" ಅಂತ ಒಬ್ಬರು ಕೇಳಿದರು. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಹೀಗೆ ಒಟ್ಟು 49 ಸರಿ. ಆದರೆ ಮಗು ಕಲಿಯಬೇಕಾದ್ದು 49 ಮಾತ್ರ ಅಲ್ಲ. 'ಕ' ಅಕ್ಷರ ಕಾ, ಕಿ, ಕೀ, ಕು, ಕೂ ಅಂತ ಬೇರೆ ಬೇರೆ ರೂಪ ತಾಳುತ್ತದೆ. 34 ವ್ಯಂಜನಗಳ ಕಾಗುಣಿತ ಸೇರಿಸಿದರೆ ನಾನ್ನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು.

ಕನ್ನಡ ಮಕ್ಕಳು ಓದು ಕಲಿಯುವುದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಎಂಬ ಸಂಶೋಧಕಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸಮಾಧಾನದ ವಿಷಯ ಉಂಟು. ಕನ್ನಡದ ಎಲ್ಲ ಅಕ್ಷರರೂಪಗಳು ಮಕ್ಕಳಿಗೆ ಒಂದು ವರ್ಷದಲ್ಲಿ ಬರುವುದಿಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷಗಳ ತನಕ ಕಲಿಕೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಒಂದನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿ ಬೇಡ. ಇಂಗ್ಲಿಷಿನ 26 ಅಕ್ಷರ ಬೇಗ ಕಲಿತ ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದೂ ಬೇಡ. ಕನ್ನಡದಲ್ಲಿ ಒಂದು ದೊಡ್ಡ ಅನುಕೂಲ ಉಂಟು. ಅಕ್ಷರ ಬಂದರೆ ಶಬ್ದ ಬಂತು. ಹೆಚ್ಚುಕಡಿಮೆ ಬರೆದ ಹಾಗೆಯೇ ಓದುವುದು.

ನಮ್ಮ ಬಸ್ಸಿನ ಬೋರ್ಡೇ ಪಾಠಪುಸ್ತಕ

ಇದನ್ನು ತಿಳಿಯಲಿಕ್ಕೆ ದೂರ ಹೋಗುವುದು ಬೇಡ. ನಾವು ದಿನಾ ನೋಡುವ ಬಸ್ಸಿನ ಬೋರ್ಡ್ ಸಾಕು.

ಉಡುಪಿ: ಮೊದಲು ಒಂದು ಸ್ವರ 'ಉ', ಮತ್ತೆ ಕೊಂಬು ಇರುವ 'ಡು', ಕೊನೆಗೆ ಗುಡಿಸು ಇರುವ 'ಪಿ'. ಮೂರೇ ಅಕ್ಷರ, ಆದರೆ ಮೂರು ಬೇರೆ ಬೇರೆ ಪಾಠ.

ಕಾಪು: ಎರಡೇ ಅಕ್ಷರ. ಮೊದಲನೆಯದ್ದಕ್ಕೆ ಇಳಿ, ಎರಡನೆಯದ್ದಕ್ಕೆ ಕೊಂಬು. ಆದರೆ ಗಮನವಿಟ್ಟು ನೋಡಿ. 'ಡು'ವಿನ ಕೊಂಬು ಬಲಗಡೆ ಅಂಟಿಕೊಂಡಿದೆ. 'ಪು'ವಿನ ಕೊಂಬು ಸ್ವಲ್ಪ ಕೆಳಗೆ ಇಳಿದು ಅಂಟಿಕೊಂಡಿದೆ. ಒಂದೇ ಕೊಂಬು, ನೋಡಲಿಕ್ಕೆ ಬೇರೆ. ಮಗು ಇಲ್ಲಿ ಒಂದು ಕ್ಷಣ ನಿಂತರೆ ಅದಕ್ಕೆ ಕಾರಣ ಉಂಟು.

ಮಣಿಪಾಲ: ನಾಲ್ಕು ಅಕ್ಷರ. ಒತ್ತು ಇಲ್ಲ. ಆದರೆ 'ಣಿ' ಬೇರೆ, 'ನಿ' ಬೇರೆ. ಕೆಲವು ಮನೆಗಳ ಮಾತಿನಲ್ಲಿ ಣ ಮತ್ತು ನ, ಳ ಮತ್ತು ಲ ಒಂದೇ ಹಾಗೆ ಕೇಳುತ್ತದೆ. ಆ ಮನೆಯ ಮಗುವಿಗೆ ಇದು ಹೊಸ ವಿಷಯ.

ಕಾರ್ಕಳ: ಇದು ನಾಲ್ಕರಲ್ಲಿ ಕಷ್ಟದ್ದು. ಇದರಲ್ಲಿ ಅರ್ಕಾವೊತ್ತು ಉಂಟು. ಬರೆಯುವಾಗ 'ಕ' ಮೊದಲು, ಅದರ ಬಲಕ್ಕೆ ರಕಾರದ ಗುರುತು. ಓದುವಾಗ 'ರ್' ಮೊದಲು, 'ಕ' ಆಮೇಲೆ. ಕಣ್ಣು ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳಬೇಕು. ಮಗು "ಕಾಕರಳ" ಅಂತ ಓದಿದರೆ ಅದು ಬರೆದ ಹಾಗೆಯೇ ಓದಿದೆ. ಅದರ ತಪ್ಪು ಎಷ್ಟು ನ್ಯಾಯವಾದದ್ದು ನೋಡಿ!

ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವಷ್ಟರಲ್ಲಿ ಮಗುವಿಗೆ ಎಷ್ಟು ಬೋರ್ಡ್ ಸಿಗುತ್ತದೆ! ಕಿಟಕಿಯ ಬದಿಯಲ್ಲಿ ಕೂರಿಸಿ. "ಅಲ್ಲಿ ಎಂಥ ಬರೆದಿದೆ?" ಅಂತ ಕೇಳಿ. ಬಸ್ಸು ಓಡುವಾಗ ಪೂರ್ತಿ ಓದಲಿಕ್ಕೆ ಆಗದಿದ್ದರೂ ತೊಂದರೆ ಇಲ್ಲ. ಮುಂದಿನ ನಿಲ್ದಾಣ ಇದ್ದೇ ಇದೆ.

ಒತ್ತಕ್ಷರ ಹೇಳಿಕೊಡಲಿಕ್ಕೆ ನಮ್ಮ ಕುಟುಂಬವೇ ಸಾಕು. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ – ಎಲ್ಲರ ಹೆಸರಲ್ಲೂ ಒತ್ತು! ಇವೆಲ್ಲ ಅದೇ ಅಕ್ಷರಕ್ಕೆ ಅದೇ ಒತ್ತು, ಹಾಗಾಗಿ ಸುಲಭ. ಮಲ್ಲಿಗೆ, ಅಟ್ಟೆ ಕೂಡ ಹಾಗೆಯೇ. 'ಪುಸ್ತಕ'ದಲ್ಲಿ ಬೇರೆ ಅಕ್ಷರದ ಒತ್ತು, ಅದು ಆಮೇಲೆ ಬರುತ್ತದೆ. ಮೊದಲು ಅಮ್ಮ ಬರಲಿ, ಮತ್ತೆ ಪುಸ್ತಕ ಬರುತ್ತದೆ.

"ಅ ಆ ಇ ಈ ಬರುವುದಿಲ್ಲ, ಗರಗಸ ಓದುತ್ತಾನೆ!"

ಸರಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರು ಕೆಲವರು ಹೀಗೆ ದೂರುತ್ತಾರೆ. ಇದು ತಪ್ಪಲ್ಲ. ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ – ಈ ಐದು. ಏಕೆಂದರೆ ಇವು ಬರೆಯಲಿಕ್ಕೆ ಸುಲಭ, ಮತ್ತು ಇವುಗಳಿಂದಲೇ ಸರ, ರಸ, ಅರಸ, ಅಗಸ, ದಸರ, ಗರಗಸ ಅಂತ ಎಷ್ಟೋ ಶಬ್ದ ಆಗುತ್ತದೆ. 49 ಅಕ್ಷರ ಮುಗಿಯುವ ತನಕ ಕಾಯದೆ, ಐದು ಅಕ್ಷರಕ್ಕೇ ಮಗು ಓದುವ ಸಂತೋಷ ಕಾಣುತ್ತದೆ. ನಾವು ಕಲಿತ ಕ್ರಮವೇ ಸರಿ ಅಂತ ಮಗುವನ್ನು ಗೊಂದಲಕ್ಕೆ ಹಾಕುವುದು ಬೇಡ.

ಮನೆಯ ಮಾತು ಅಡ್ಡಿ ಅಲ್ಲ

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಉಂಟು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ಮಗು "ಹಸು" ಅಂತ ಸರಿಯಾಗಿ ಓದುತ್ತದೆ, ಆದರೆ ಮುಖದಲ್ಲಿ ಏನೂ ಕಾಣುವುದಿಲ್ಲ. ಏಕೆಂದರೆ ತುಳು ಮನೆಯಲ್ಲಿ ಅದು ಪೆತ್ತ, ಕೊಂಕಣಿ ಮನೆಯಲ್ಲಿ ಗಾಯ್. ಸ್ವರ ಓದಿತು, ಅರ್ಥ ತಲುಪಲಿಲ್ಲ. ಆಗ ತಾಯಿ, "ಓ, ನಮ್ಮ ಪೆತ್ತ!" ಅಂದರೆ ಸಾಕು, ಮಗುವಿನ ಮುಖ ಅರಳುತ್ತದೆ.

"ಮನೆಯಲ್ಲಿ ತುಳು ಮಾತಾಡಿದರೆ ಕನ್ನಡ, ಇಂಗ್ಲಿಷ್ ಬರುವುದಿಲ್ಲ" ಅಂತ ಹೆದರಿ ಕೆಲವರು ಮಗುವಿನ ಜೊತೆ ಮಾತನ್ನೇ ಕಡಿಮೆ ಮಾಡುತ್ತಾರೆ. ಇದು ತಪ್ಪು. ಮಗುವಿಗೆ ಹೆಚ್ಚು ಶಬ್ದ ಗೊತ್ತಿದ್ದಷ್ಟು, ಹೆಚ್ಚು ಕಥೆ ಕೇಳಿದಷ್ಟು ಓದು ಸುಲಭ. ಆ ಶಬ್ದ ಯಾವ ಭಾಷೆಯದ್ದಾದರೂ ಆಗಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಸಣ್ಣ ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸಬೇಕು ಎಂದಿದೆ. ಬೀಡಿ ಕಟ್ಟುತ್ತಾ, ಮಲ್ಲಿಗೆ ಕಟ್ಟುತ್ತಾ ಅಜ್ಜಿ ಹೇಳುವ ಕಥೆಯೂ ಓದಿನ ಪಾಠವೇ.

ಇದು ಯಾಕೆ ಮುಖ್ಯ?

ಗ್ರಾಮೀಣ ಮಕ್ಕಳ ಮನೆ ಮನೆಗೆ ಹೋಗಿ ಓದಿಸಿ ನೋಡುವ ಅಸರ್ ಎಂಬ ಸಮೀಕ್ಷೆ ಉಂಟು. ದೇಶದಲ್ಲಿ ಮೂರನೇ ತರಗತಿಯ 100 ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಲಿಕ್ಕೆ ಬಂದದ್ದು 2022ರಲ್ಲಿ ಸುಮಾರು 20 ಮಂದಿಗೆ, 2024ರಲ್ಲಿ ಸುಮಾರು 27 ಮಂದಿಗೆ. ಅಂದರೆ ಹೆಚ್ಚಿನ ಮಕ್ಕಳು ಹಿಂದೆ ಉಳಿಯುತ್ತಾರೆ. ಓದಲಿಕ್ಕೆ ಬಾರದ ಮಗುವಿಗೆ ಲೆಕ್ಕದ ಪ್ರಶ್ನೆಯೂ ಓದಲಿಕ್ಕೆ ಬರುವುದಿಲ್ಲ, ವಿಜ್ಞಾನವೂ ಬರುವುದಿಲ್ಲ. ಮೆಲ್ಲಗೆ ಶಾಲೆಯೇ ಬೇಡ ಅನಿಸುತ್ತದೆ.

ಇನ್ನೊಂದು ಲೆಕ್ಕ ನಮ್ಮದೇ. 2011ರ ಜನಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ಏಳು ವರ್ಷ ದಾಟಿದ ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇಕಡಾ 81.58. ರಾಜ್ಯದಲ್ಲಿ ನಮ್ಮದು ಮುಂದುವರಿದ ಜಿಲ್ಲೆ. ಆದರೂ ಅಂದು 100ರಲ್ಲಿ 18 ಮಂದಿ ಹೊರಗೆ ಉಳಿದಿದ್ದರು. ಅವರಲ್ಲಿ ಹಲವರು ನಮ್ಮ ಸಂಘಗಳಲ್ಲೇ ಇದ್ದಾರೆ. "ನನಗೇ ಬರುವುದಿಲ್ಲ, ನಾನೇನು ಹೇಳಿಕೊಡಲಿ?" ಅಂತ ಅವರು ಮಗುವಿನ ಪುಸ್ತಕದಿಂದ ದೂರ ಕೂರುತ್ತಾರೆ. ಹೀಗೆ ದೂರ ಕೂರುವುದೇ ನಷ್ಟ. ಅಕ್ಷರ ಹೇಳಿಕೊಡಲಿಕ್ಕೆ ಟೀಚರ್ ಇದ್ದಾರೆ. ಮಗು ಓದಿದ್ದನ್ನು ಕೇಳಲಿಕ್ಕೆ, ಕೇಳಿ ಸಂತೋಷಪಡಲಿಕ್ಕೆ ಒಬ್ಬರು ಬೇಕು. ಅದಕ್ಕೆ ಓದು ಬರಬೇಕೆಂದಿಲ್ಲ.

ನನ್ನ ಒಂದು ತಪ್ಪು

ನಾನು ಹೊಸತಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಕಾರ್ಕಳ ಕಡೆಯ ಒಂದು ಹಳ್ಳಿಯಲ್ಲಿ ಬೀಡಿ ಕಟ್ಟುವ ಮನೆಗಳ ಮಕ್ಕಳಿಗೆ ಸಂಜೆ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಓದಲಿಕ್ಕೆ ತುಂಬ ಆಸೆಯಿಂದ ಬರುತ್ತಿದ್ದ. ಅವನು ಒಂದು ಸಾಲು ಓದುವಾಗ ನಾನು ಐದು ಸಲ ತಡೆದು ತಿದ್ದುತ್ತಿದ್ದೆ. ಸರಿಯಾಗಿ ಕಲಿಯಲಿ ಎಂಬ ಆಸೆ ನನ್ನದು. ಒಂದು ತಿಂಗಳಲ್ಲಿ ಅವನು ಬರುವುದು ನಿಲ್ಲಿಸಿದ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. "ನಾನು ಓದಿದರೆ ನಿಮಗೆ ಬೇಸರ ಆಗುತ್ತದೆ ಸಿಸ್ಟರ್" ಎಂದ. ಅವನಿಗೆ ಕಂಡದ್ದು ನನ್ನ ಮುಖ ಮಾತ್ರ. ಇಂದಿಗೂ ಆ ಮಾತು ನೆನಪಾದರೆ ಮನಸ್ಸಿಗೆ ನೋವಾಗುತ್ತದೆ. ಮಗು ಓದುವಾಗ ಒಂದು ಕಣ್ಣು ಪುಸ್ತಕದ ಮೇಲೆ, ಇನ್ನೊಂದು ಕಣ್ಣು ನಮ್ಮ ಮುಖದ ಮೇಲೆ ಇಡುತ್ತದೆ ಎಂಬುದನ್ನು ನಾನು ಕಲಿತದ್ದು ಅವನಿಂದ.

ದಿನಕ್ಕೆ ಹತ್ತು ನಿಮಿಷದ ಪಿಗ್ಮಿ

ನಮಗೆಲ್ಲ ಪಿಗ್ಮಿ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಈ ಯೋಜನೆ ತಂದಿತು. ಅದರ ಹಿಂದೆ ಮಣಿಪಾಲದ ಡಾ. ಟಿ.ಎಂ.ಎ. ಪೈಯವರಿದ್ದರು. ಮನೆ ಮನೆಗೆ ಬಂದು ದಿನಕ್ಕೆ ಎರಡಾಣೆಯ ಸಣ್ಣ ಉಳಿತಾಯ ಸಂಗ್ರಹಿಸುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಸಣ್ಣದಾದರೂ ದಿನಾ ಹಾಕಬೇಕು ಎಂಬ ಪಾಠ ನಮ್ಮ ಸಂಘಗಳಲ್ಲಿ ಉಳಿದಿದೆ.

ಓದೂ ಹಾಗೆಯೇ. ಪರೀಕ್ಷೆಯ ಮುಂಚಿನ ದಿನ ಮೂರು ಗಂಟೆ ಕೂರಿಸಿದರೆ ಪ್ರಯೋಜನ ಇಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ತಿಂಗಳಿಗೆ ಐದು ಗಂಟೆ, ವರ್ಷಕ್ಕೆ 60 ಗಂಟೆ ಆಯಿತು. ಈ ಹತ್ತು ನಿಮಿಷದಲ್ಲಿ ಮಾಡಬೇಕಾದ್ದು ಇಷ್ಟು:

1. ಮಗುವಿನ ಎದುರು ಅಲ್ಲ, ಪಕ್ಕದಲ್ಲಿ ಕೂತುಕೊಳ್ಳಿ. ಟಿ.ವಿ., ಮೊಬೈಲ್ ಬಂದ್ ಮಾಡಿ. ಕೈಯಲ್ಲಿ ಹೂ ಕಟ್ಟುವ ಕೆಲಸ ಇದ್ದರೂ ಪರವಾಗಿಲ್ಲ, ಕಿವಿ ಮಗುವಿನ ಕಡೆ ಇರಲಿ.

2. ಓದುವಾಗ ಮಗು ಬೆರಳಿಟ್ಟು ಓದಲಿ. ನಾಚಿಕೆ ಪಡಬೇಕಾಗಿಲ್ಲ. ಸಾಲು ತಪ್ಪದಿರಲಿಕ್ಕೆ ಅದು ಸಹಾಯ.

3. ಮಗು ತಡವರಿಸಿದರೆ ಮನಸ್ಸಿನಲ್ಲೇ ಐದು ಎಣಿಸಿ. ಹೆಚ್ಚಿನ ಸಲ ಮಗು ತಾನೇ ಸರಿ ಮಾಡಿಕೊಳ್ಳುತ್ತದೆ. ಆಗದಿದ್ದರೆ "ಇನ್ನೊಮ್ಮೆ ಓದು ನೋಡುವ" ಎನ್ನಿ. ಆಮೇಲೂ ಆಗದಿದ್ದರೆ, ಗೊತ್ತಿದ್ದವರು ಹೇಳಿಕೊಡಿ, ಗೊತ್ತಿಲ್ಲದವರು "ನಾಳೆ ಟೀಚರ್ ಹತ್ತಿರ ಕೇಳಿ ಬಂದು ನನಗೂ ಹೇಳು" ಎನ್ನಿ.

4. ಓದಿದ ಮೇಲೆ "ಇದು ಎಂಥ ಕಥೆ, ನನಗೆ ಹೇಳು" ಅಂತ ಮನೆಮಾತಿನಲ್ಲಿ ಕೇಳಿ. ಆಗ ಅರ್ಥ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

5. ಬಾಯಿಪಾಠವೋ ನಿಜವಾದ ಓದೋ ಅಂತ ನೋಡಲಿಕ್ಕೆ ಒಂದು ಉಪಾಯ: ಪುಟದ ನಡುವಿನ ಒಂದು ಶಬ್ದ ತೋರಿಸಿ ಕೇಳಿ. ಅದೇ ಶಬ್ದದ ಹಾಗೆ ಕಾಣುವುದನ್ನು ಬೇರೆ ಪುಟದಲ್ಲಿ ಹುಡುಕಿ ಪುನಃ ಕೇಳಿ. ಎರಡೂ ಕಡೆ ಒಂದೇ ಉತ್ತರ ಬಂದರೆ ಮಗು ಓದುತ್ತಿದೆ. ಓದು ಬಾರದ ತಾಯಿಯೂ ಇದನ್ನು ಮಾಡಬಹುದು. ಬಾಯಿಪಾಠ ಮಾಡಿದರೆ ಬೈಯಬೇಡಿ. ಅದೂ ಒಂದು ಮೆಟ್ಟಿಲು.

6. ಅಕ್ಕಿ ಚೀಲ, ಬಿಸ್ಕೆಟ್ ಪ್ಯಾಕೆಟ್, ಕರೆಂಟ್ ಬಿಲ್, ಮದುವೆ ಕಾಗದ, ಸಂಘದ ಪುಸ್ತಕ – ಮನೆಯಲ್ಲಿ ಓದಲಿಕ್ಕೆ ಇರುವುದನ್ನೆಲ್ಲ ಓದಿಸಿ.

7. ಗ್ರಾಮ ಪಂಚಾಯತ್ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಇದನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ನಿಮ್ಮ ಮಗುವಿನ ಹೆಸರು ಬರೆಸಿದ್ದೀರಾ? ಮಗು ತಾನೇ ಆರಿಸಿದ ಪುಸ್ತಕ ಅತಿ ಸುಲಭದ್ದಾದರೂ ಬೇಡ ಎನ್ನಬೇಡಿ. ನಮ್ಮ ಜಿಲ್ಲೆಯ ಕೋಟದಲ್ಲಿ 1902ರಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ಮಕ್ಕಳಿಗೋಸ್ಕರವೇ 'ಬಾಲ ಪ್ರಪಂಚ' ಎಂಬ ಮೂರು ದೊಡ್ಡ ಸಂಪುಟ ಬರೆದರು. ಮಕ್ಕಳ ಪುಸ್ತಕ ಅಂದರೆ ಸಣ್ಣ ವಿಷಯ ಅಲ್ಲ.

ಎಷ್ಟು ಮಾಡಿದರೂ ಬಾರದಿದ್ದರೆ?

ಕೆಲವು ಮಕ್ಕಳಿಗೆ ನಿಜವಾಗಿ ಕಷ್ಟ ಆಗುತ್ತದೆ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಹಿಂದಿನ ಬೆಂಚಿನಿಂದ ಹಲಗೆ ಕಾಣದ ಮಗುವನ್ನು ಎಷ್ಟೋ ಸಲ ನಾವು ಸೋಮಾರಿ ಎಂದಿದ್ದೇವೆ. ಕಣ್ಣು, ಕಿವಿ ಸರಿ ಇದ್ದು, ಬುದ್ಧಿಯೂ ಚುರುಕಾಗಿದ್ದು, ಎರಡು ಮೂರು ವರ್ಷ ಕಳೆದರೂ ಅಕ್ಷರ ಕೂಡಿಸಲಿಕ್ಕೆ ಆಗದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನೂ ಗುರುತಿಸಿದೆ. ಶಾಲೆಯ ಶಿಕ್ಷಕರ ಹತ್ತಿರ ಮಾತಾಡಿ, ವೈದ್ಯರ ಸಲಹೆ ಕೇಳಿ. ಇದರಲ್ಲಿ ಮಗುವಿನ ತಪ್ಪಿಲ್ಲ, ತಾಯಿಯ ತಪ್ಪೂ ಇಲ್ಲ. ಹೊಡೆದರೆ ಇದು ಗುಣ ಆಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಮನೆಯಲ್ಲಿ ಆ ನಿಷೇಧವನ್ನು ನಾವೇ ಹಾಕಿಕೊಳ್ಳಬೇಕು.

ಆ ತಾಯಿ ಈಗ

ಮೊನ್ನೆ ಆ ಸಂಘಕ್ಕೆ ಪುನಃ ಹೋಗಿದ್ದೆ. ಹುಡುಗಿ ಈಗ ಮೂರನೇ ತರಗತಿ. ಸಂಘದ ನಡಾವಳಿಯನ್ನೇ ಓದುತ್ತಾಳಂತೆ. ಅಧ್ಯಕ್ಷರ ಅಕ್ಷರ ಚಂದ ಇಲ್ಲ ಅಂತ ದೂರು ಬೇರೆ! ತಾಯಿಯ ಹತ್ತಿರ, "ನೀವು?" ಅಂತ ಕೇಳಿದೆ. ಅವರು ನಕ್ಕರು. ದಿನಾ ಸಂಜೆ ಮಗಳು ಓದುವಾಗ ಅವಳ ಬೆರಳನ್ನು ನೋಡಿ ನೋಡಿ ಕೆಲವು ಶಬ್ದ ಗುರುತು ಸಿಕ್ಕಿದೆಯಂತೆ. ಮಗಳ ಹೆಸರು, ಅಮ್ಮ, ಉಳಿತಾಯ, ಉಡುಪಿ, ಕಾಪು. ಐದೇ ಶಬ್ದ. "ಮೊದಲು ಬಸ್ ಸ್ಟ್ಯಾಂಡಿನಲ್ಲಿ, ಇದು ಎಲ್ಲಿಗೆ ಹೋಗುವ ಬಸ್ಸು ಅಂತ ಯಾರನ್ನಾದರೂ ಕೇಳಬೇಕಿತ್ತು. ಕೆಲವರು ಮುಖ ನೋಡಿ, ಬೋರ್ಡ್ ಕಾಣುವುದಿಲ್ಲವಾ ಅನ್ನುತ್ತಿದ್ದರು. ಈಗ ನಾನು ಕೇಳುವುದಿಲ್ಲ ಸಿಸ್ಟರ್" ಎಂದರು.

ಗುಂಪಿನಲ್ಲಿ ಚರ್ಚಿಸಿ

1. ನಮ್ಮ ಮಗು ಮೊದಲ ಸಲ ಓದಿದ ಶಬ್ದ ಯಾವುದು? ಆಗ ನಾವು ಏನು ಹೇಳಿದೆವು?

2. ಮಗು ತಪ್ಪು ಓದಿದಾಗ ನಾವು ನಗುತ್ತೇವಾ, ಬೈಯುತ್ತೇವಾ, ಕಾಯುತ್ತೇವಾ?

3. ನಮ್ಮ ಊರಿನ ಗ್ರಂಥಾಲಯ ಯಾವಾಗ ತೆರೆದಿರುತ್ತದೆ? ಮಕ್ಕಳ ಪುಸ್ತಕ ಎಷ್ಟು ಉಂಟು? ಇಬ್ಬರು ಸದಸ್ಯೆಯರು ಹೋಗಿ ನೋಡಿ ಬಂದು ಸಭೆಗೆ ತಿಳಿಸಲಿ.

4. ನಮ್ಮ ಸಂಘದಲ್ಲಿ ಓದು ಬಾರದವರು ಯಾರು? ಅವರಿಗೆ ನಾಚಿಕೆ ಆಗದ ಹಾಗೆ ನಾವು ಹೇಗೆ ನಡೆದುಕೊಳ್ಳುತ್ತೇವೆ?

ಮುಂದಿನ ಸಭೆಯ ಒಳಗೆ

ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕೂತು ಓದಿಸಿ, ಕೇಳಿ. ಉಳಿತಾಯದ ಪುಸ್ತಕದಲ್ಲಿ ವಾರ ವಾರ ಗುರುತು ಹಾಕುವ ಹಾಗೆ, ಕೂತ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಮುಂದಿನ ಸಭೆಗೆ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಪ್ರತಿಯೊಂದು ಮಗು ಒಂದು ಸಾಲು ಓದಲಿ. ಯಾರೂ ತಿದ್ದುವುದು ಬೇಡ, ನಗುವುದು ಬೇಡ. "ನನೊರ ಓದುಲ" ಎನ್ನುವ.